ಆಮೆ ಯಾಕೆ ಬಿತ್ತು ಎಂಬುದು ಕಲ್ಯಾಣಿಗೆ ಗೊತ್ತು

ಓದು-ಗ್ರಹಿಕೆ ಸಮೀಕ್ಷೆಯ ಪ್ರಶ್ನೆಗಳನ್ನೂ ಅವುಗಳ ಏಕೈಕ ಸರಿ ಉತ್ತರಗಳನ್ನೂ ಸಿದ್ಧಪಡಿಸುವ ಮಾನ್ಯ ಅಧಿಕಾರಿಗಳೇ,

ಬನಶಂಕರಿಯ ಶಾಲೆಯೊಂದರಲ್ಲಿ ಐದನೇ ತರಗತಿಯಲ್ಲಿರುವ ಕಲ್ಯಾಣಿ ಎಂಬ ಹುಡುಗಿಗೆ ಕಥೆ ಓದಿದರೆ ಅರ್ಥವಾಗುವುದಿಲ್ಲ ಎಂದು ಕಳೆದ ತಿಂಗಳು ತಾವು ತೀರ್ಮಾನಿಸಿದ್ದೀರಿ. ತಮ್ಮ ತೀರ್ಮಾನ ತಪ್ಪು. ಪೀಠಿಕೆಯಿಲ್ಲದೆ ಹೇಳಿದ್ದಕ್ಕೆ ಬೇಸರ ಬೇಡ. ‘ಉತ್ತರ ಒಂದು ವಾಕ್ಯದಲ್ಲಿರಲಿ’ ಎಂಬುದು ತಮ್ಮ ಪ್ರಶ್ನೆಪತ್ರಿಕೆಯದ್ದೇ ಸೂಚನೆ. ಆ ಸೂಚನೆಯನ್ನು ಇಲ್ಲಿಯವರೆಗೆ ಪಾಲಿಸಿದ್ದೇನೆ, ಇನ್ನು ಮುಂದೆ ಪಾಲಿಸುವುದಿಲ್ಲ.

ನಾನು ಜಯನಗರದ ನಿವಾಸಿ. ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಬನಶಂಕರಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅಂಕಮ್ಮ ಎಂಬವರ ಹೊಲಿಗೆ ಅಂಗಡಿ ಇದೆ. ನನ್ನ ರವಿಕೆಗಳನ್ನೆಲ್ಲ ಹೊಲಿಯುವವರು ಅವರೇ. ಅಂಕಮ್ಮನ ಮಗಳು ಕಲ್ಯಾಣಿ ಶಾಲೆ ಬಿಟ್ಟ ಮೇಲೆ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಕೂತು ಓದುತ್ತಾಳೆ. ಪಾಠ ಪುಸ್ತಕ ಮಾತ್ರವಲ್ಲ, ಗುಂಡಿ ಕಟ್ಟಿಕೊಟ್ಟ ಹಳೆಯ ಪೇಪರು, ಮದುವೆ ಕರೆಯೋಲೆ, ಹೊಲಿಗೆ ಯಂತ್ರದ ಜೊತೆ ಬಂದ ಸೂಚನೆಗಳು, ಎಲ್ಲವನ್ನೂ ಓದುತ್ತಾಳೆ. ಒಮ್ಮೆ ನನ್ನ ಚೀಲದಲ್ಲಿದ್ದ ಮಾತ್ರೆಯ ಡಬ್ಬಿಯನ್ನೂ ಓದಿ, “ಮಿಸ್, ಇದನ್ನ ಊಟ ಆದ್ಮೇಲೆ ತಗೋಬೇಕಂತೆ, ನೀವು ಈಗ್ಲೇ ತಗೊಂಡ್ಬಿಟ್ರಲ್ಲ!” ಎಂದು ನನ್ನನ್ನೇ ಗದರಿಸಿದ್ದಳು. ಈ ಹುಡುಗಿಗೆ ಓದಿದ್ದು ಅರ್ಥವಾಗುವುದಿಲ್ಲವಂತೆ.

ತಾವು ಸಮೀಕ್ಷೆಗೆ ಆರಿಸಿಕೊಂಡದ್ದು ಆಮೆ ಮತ್ತು ಎರಡು ಹಂಸಗಳ ಕಥೆ. ಆಯ್ಕೆಯ ಬಗ್ಗೆ ನನ್ನ ತಕರಾರಿಲ್ಲ, ನಾನೂ ಆ ಕಥೆಯನ್ನು ಪ್ರತಿ ವರ್ಷ ಹೇಳಿದವಳೇ. ಕೆರೆ ಬತ್ತುತ್ತದೆ. ಹಂಸಗಳು ಒಂದು ಕೋಲಿನ ಎರಡು ತುದಿ ಹಿಡಿಯುತ್ತವೆ, ಗೆಳೆಯ ಆಮೆ ನಡುವೆ ಕಚ್ಚಿಕೊಳ್ಳುತ್ತದೆ. ಹಾರುವ ದಾರಿಯಲ್ಲಿ ಒಂದು ಊರಿನ ಜನ ಇವರನ್ನು ನೋಡಿ ಕೈತಟ್ಟಿ ನಗುತ್ತಾರೆ. ಉತ್ತರ ಕೊಡಲು ಆಮೆ ಬಾಯಿ ತೆರೆಯುತ್ತದೆ, ಕೆಳಗೆ ಬೀಳುತ್ತದೆ. ತಮ್ಮ ಪಾಠದಲ್ಲಿ ಕಥೆ ಅಲ್ಲಿಗೆ ಮುಗಿಯುತ್ತದೆ. ಬಿದ್ದ ಆಮೆಗೆ ಪೆಟ್ಟಾಯಿತೇ ಎಂದು ವಿಚಾರಿಸುವ ಸೌಜನ್ಯವನ್ನೂ ಯಾರೂ ತೋರಿಲ್ಲ.

ಈಗ ಶಾಲೆಯವರು ಮನೆಗೆ ಕೊಟ್ಟುಕಳಿಸಿದ ಕಲ್ಯಾಣಿಯ ಉತ್ತರಪತ್ರಿಕೆಯ ನಕಲು ನೋಡೋಣ, ತಾವು ನೋಡಿದಂತೆ ಕಾಣುವುದಿಲ್ಲವಾದ್ದರಿಂದ. ಮೊದಲ ಪ್ರಶ್ನೆ: ಆಮೆ ಏಕೆ ಕೆಳಗೆ ಬಿತ್ತು? ತಮ್ಮ ಮಾದರಿ ಉತ್ತರ: ಅತಿಯಾಗಿ ಮಾತನಾಡುವ ಸ್ವಭಾವದಿಂದ. ಕಲ್ಯಾಣಿಯ ಉತ್ತರ: ‘ಹಂಸಗಳು ಊರಿನ ಮೇಲೆ ಹಾರಿದ್ದರಿಂದ. ಹೊಲದ ಮೇಲೆ ಹಾರಿದ್ದರೆ ಯಾರೂ ನಗುತ್ತಿರಲಿಲ್ಲ.’ ಸೊನ್ನೆ. ಎರಡನೇ ಪ್ರಶ್ನೆ: ಹಂಸಗಳು ಎಂಥ ಸ್ನೇಹಿತರು? ಮಾದರಿ ಉತ್ತರ: ಒಳ್ಳೆಯ ಸ್ನೇಹಿತರು. ಕಲ್ಯಾಣಿ: ‘ಒಳ್ಳೆಯವರೇ. ಆದರೆ ಮೊದಲು ಒಂದು ಸಲ ತಗ್ಗಿನಲ್ಲಿ ಹಾರಿಸಿ ಅಭ್ಯಾಸ ಮಾಡಿಸಬೇಕಿತ್ತು.’ ಸೊನ್ನೆ. ಸ್ವಾಮಿ, ಉತ್ತರದ ಮೊದಲ ಪದವೇ ತಮ್ಮ ಉತ್ತರವಲ್ಲವೇ? ಜೊತೆಗೆ ಒಂದು ಹೆಚ್ಚಿನ ಆಲೋಚನೆ ಬಂದುಬಿಟ್ಟರೆ ಮೊದಲಿನದ್ದೂ ರದ್ದಾಗುತ್ತದೆಯೇ? ಮೂರನೆಯದು, ಆಮೆ ಏನು ಮಾಡಬೇಕಿತ್ತು? ಸುಮ್ಮನಿರಬೇಕಿತ್ತು ಎಂದು ತಾವು. ‘ಇಳಿದ ಮೇಲೆ ವಾಪಸ್ ನಡೆದು ಬಂದು ಅವರಿಗೆ ಉತ್ತರ ಕೊಡಬೇಕಿತ್ತು’ ಎಂದು ಅವಳು. ಆಮೆಯ ನಡಿಗೆಗೆ ಎಷ್ಟು ದಿನ ಹಿಡಿಯುತ್ತಿತ್ತೋ, ಆದರೂ ಆ ಛಲ ನನಗೆ ಹಿಡಿಸಿತು.

ನಾಲ್ಕನೆಯದು, ಕಥೆಯ ನೀತಿ. ಮಿತವಾಗಿ ಮಾತನಾಡಬೇಕು ಎಂಬುದು ತಮ್ಮ ಅಪ್ಪಣೆ. ಕಲ್ಯಾಣಿ ಬರೆದದ್ದು: ‘ಯಾರಾದರೂ ಕಷ್ಟಪಟ್ಟು ಏನನ್ನಾದರೂ ಕಚ್ಚಿಕೊಂಡಿರುವಾಗ ಅವರನ್ನು ಮಾತಾಡಿಸಬಾರದು.’

ಇದು ಎಲ್ಲಿಂದ ಬಂತು ಎಂದು ತಮಗೆ ತಿಳಿಯಲಾರದು, ನನಗೆ ಓದಿದ ಕ್ಷಣವೇ ತಿಳಿಯಿತು. ಅಂಕಮ್ಮ ಸೀರೆಯ ಅಂಚಿಗೆ ಫಾಲ್ಸ್ ಕೂರಿಸುವಾಗ ಗುಂಡುಪಿನ್ನುಗಳನ್ನು ತುಟಿಯ ನಡುವೆ ಕಚ್ಚಿಕೊಂಡಿರುತ್ತಾರೆ, ಒಮ್ಮೊಮ್ಮೆ ಆರೇಳು. ಗಿರಾಕಿಗಳು ಬಂದು ಕೇಳುವುದು ಸರಿಯಾಗಿ ಆಗಲೇ. “ಅಂಕಮ್ಮ, ನಂದು ಆಯ್ತಾ? ಯಾವಾಗ ಕೊಡ್ತೀರಾ?” ಅಂಕಮ್ಮ ತಲೆಯಾಡಿಸುತ್ತಾರೆ. “ಏನ್ರೀ, ಬಾಯ್ಬಿಟ್ಟು ಹೇಳೋಕೂ ಆಗಲ್ವಾ ನಿಮ್ಗೆ?” ಎಂದು ಅವರ ಮುನಿಸು. ಆಗ ಮೇಜಿನ ಕೆಳಗಿನಿಂದ ಒಂದು ತಲೆ ಹೊರಗೆ ಬರುತ್ತದೆ. “ಆಂಟಿ, ಅಮ್ಮನ ಬಾಯಲ್ಲಿ ಪಿನ್ ಇದೆ. ಗುರುವಾರ ಬನ್ನಿ.” ಹೀಗೆ ಕೇಳಿದ ಗಿರಾಕಿಗಳಲ್ಲಿ ನಾನೂ ಒಬ್ಬಳು ಎಂಬುದನ್ನು ಮುಚ್ಚಿಡುವುದಿಲ್ಲ. ಮಗುವೊಂದು ಹಳೆಯ ಕಥೆಯೊಳಗೆ ತನ್ನ ತಾಯಿಯನ್ನು ಕಂಡಿದೆ. ಇದಕ್ಕಿಂತ ದೊಡ್ಡ ಗ್ರಹಿಕೆಯನ್ನು ಅಳೆಯುವ ಸಾಧನ ತಮ್ಮ ಕಚೇರಿಯಲ್ಲಿದೆಯೇ?

ನಾಲ್ಕಕ್ಕೆ ಸೊನ್ನೆ ಬಂದದ್ದರಿಂದ ಕಲ್ಯಾಣಿ ಹಳದಿ ಗುಂಪಿಗೆ ಸೇರಿದಳು. ಹಸಿರು ಗುಂಪಿನ ಮಕ್ಕಳಿಗೆ ಲೈಬ್ರರಿ ಪೀರಿಯಡ್, ಹಳದಿಯವರಿಗೆ ಅದೇ ಹೊತ್ತಿನಲ್ಲಿ ಕಾಪಿ ಬರೆಯುವ ಕೆಲಸ. ಸರಿಯಾಗಿ ಓದಲು ಬಾರದವರಿಂದ ಪುಸ್ತಕ ದೂರವಿಟ್ಟರೆ ಓದು ಬರುತ್ತದೆ ಎಂಬುದು ಯಾವ ಶಾಸ್ತ್ರವೋ ತಾವೇ ಹೇಳಬೇಕು. ಅವಳು ಅರ್ಧ ಓದಿದ್ದ ಪುಸ್ತಕವನ್ನೂ ವಾಪಸ್ ತೆಗೆದುಕೊಂಡರು. ಅದೊಂದು ಕರಡಿಯ ಕಥೆ. ರಟ್ಟು ಕಿತ್ತುಹೋಗಿದ್ದರಿಂದ ಹೆಸರು ಅವಳಿಗೆ ಗೊತ್ತಿಲ್ಲ, ಹಾಗಾಗಿ ನಾನು ಅಂಗಡಿಗಳಲ್ಲಿ ಹುಡುಕಿದ್ದೂ ದಂಡವಾಯಿತು. ಮರಿಯನ್ನು ಬೆನ್ನ ಮೇಲೆ ಹೊತ್ತು ಕರಡಿ ತುಂಬಿದ ಹೊಳೆಗೆ ಇಳಿದಿದೆ, ಅಲ್ಲಿಗೆ ನಿಂತಿದೆ. “ಮಿಸ್, ಅದು ಈಜುತ್ತಾ ಇರುತ್ತಾ ಇನ್ನೂ?” ಎಂದು ಅವಳು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಅದಕ್ಕಿಂತ ಹೆಚ್ಚಿನ ಸಂಕಟ, ಈಗ ಅವಳು ಮೇಜಿನ ಕೆಳಗೆ ಓದುತ್ತಿಲ್ಲ. “ನಂಗೆ ಅರ್ಥ ಆಗಲ್ವಂತೆ” ಎಂದು ಹೇಳಿ ಗುಂಡಿಗಳನ್ನು ಬಣ್ಣದ ಪ್ರಕಾರ ವಿಂಗಡಿಸುತ್ತಾ ಕೂತಿದ್ದಾಳೆ.

ನಾನು ತಮ್ಮ ಕಚೇರಿಗೂ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ಗುಮಾಸ್ತರಾದ ಬೈಲಪ್ಪನವರು ನನ್ನನ್ನು ಕೂರಿಸಿ, ಕಲ್ಯಾಣಿಯ ಉತ್ತರಗಳನ್ನು ಗಟ್ಟಿಯಾಗಿ ಓದಿದರು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನಗುತ್ತಿದ್ದರು. “ಸಖತ್ತಾಗಿದೆ ಮೇಡಂ! ನಿಜ ಹೇಳ್ಬೇಕಂದ್ರೆ ನಮ್ಮನೇಲೂ ಹಿಂಗೇ. ನಾನು ಬಾಯಲ್ಲಿ ಬ್ರಷ್ ಇಟ್ಕೊಂಡಿರ್ಬೇಕಾದ್ರೇನೇ ನಮ್ಮನೆಯವಳು ಸಿಲಿಂಡರ್ ಬುಕ್ ಮಾಡಿದ್ರಾ ಅಂತ ಕೇಳೋದು.”

“ಹಾಗಾದ್ರೆ ಉತ್ತರ ಸರಿ ತಾನೆ?” ಎಂದೆ.

“ಉತ್ತರ ಸರಿ ಮೇಡಂ. ಆದ್ರೆ ಕೀ ಆನ್ಸರಲ್ಲಿ ಇಲ್ವಲ್ಲ. ಮಾರ್ಕ್ಸ್ ಹೆಂಗ್ ಬರುತ್ತೆ?”

ಇಷ್ಟು ಪ್ರಾಮಾಣಿಕವಾದ ಮಾತನ್ನು ಸರ್ಕಾರಿ ಕಚೇರಿಯೊಂದರಲ್ಲಿ ನಾನು ಕೇಳಿರಲಿಲ್ಲ. ಆ ಗುಮಾಸ್ತರ ಮೇಲೆ ಕ್ರಮ ಬೇಡ, ಅವರಿಗೊಂದು ಬಡ್ತಿ ಕೊಡಿ.

ಮರುದಿನ ಶಾಲೆಗೆ ಹೋದೆ. ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೂ ಬರೆಯಲೇಬೇಕು. ತರಗತಿಯ ಶಿಕ್ಷಕಿ ಭಾಗ್ಯಜ್ಯೋತಿ ನನ್ನನ್ನು ನೋಡಿ ಎದ್ದು ನಿಂತಳು. ಇಪ್ಪತ್ತೈದು ವರ್ಷದ ಹಿಂದೆ ನನ್ನ ವಿದ್ಯಾರ್ಥಿನಿ. “ಮಿಸ್, ನೀವಾ! ಬನ್ನಿ, ಕೂತ್ಕೊಳ್ಳಿ” ಎಂದು ಕುರ್ಚಿಯನ್ನು ಸೆರಗಿನಲ್ಲಿ ಒರೆಸಿದಳು. ನಾನು ಬಂದ ಕಾರಣ ಹೇಳಿದೆ.

“ಕಲ್ಯಾಣಿ ತುಂಬಾ ಚುರುಕು ಮಿಸ್. ಆದ್ರೆ ಹೇಳಿದ ಹಾಗೆ ಬರಿಯಲ್ಲ. ನೋಡಿ, ಎಲ್ಲರಿಗೂ ಗುರುತು ಹಾಕಿಸಿದ್ದೆ” ಎಂದು ಪಠ್ಯಪುಸ್ತಕ ತೆರೆದಳು. ಆಮೆಯ ಕಥೆಯ ತುಂಬ ಪೆನ್ಸಿಲಿನ ಬ್ರಾಕೆಟ್‌ಗಳು. ಇಲ್ಲಿಂದ ಇಲ್ಲಿಯವರೆಗೆ ಒಂದನೇ ಉತ್ತರ, ಇಲ್ಲಿಂದ ಇಲ್ಲಿಯವರೆಗೆ ಎರಡನೆಯದು. ಬ್ರಾಕೆಟ್ಟಿನ ಹೊರಗಿದ್ದದ್ದನ್ನು ಓದುವ ಅಗತ್ಯವೇ ಇಲ್ಲ. ಊರಿನ ಜನ ನಕ್ಕದ್ದು ಬ್ರಾಕೆಟ್ಟಿನ ಹೊರಗಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. “ಮಕ್ಕಳಿಗೆ ಕಥೆ ಓದೋದಕ್ಕೆ ಬಿಡೋದಲ್ವೇನೇ? ಈ ವಿದ್ಯೆ ನಿನಗೆ ಯಾರು ಹೇಳಿಕೊಟ್ಟರು?”

ಭಾಗ್ಯಜ್ಯೋತಿ ಮುಗ್ಧವಾಗಿ ನಕ್ಕಳು. “ನೀವೇ ಅಲ್ವಾ ಮಿಸ್? ಏಳನೇ ಕ್ಲಾಸಲ್ಲಿ. ನಿಮ್ಮ ಕ್ಲಾಸಲ್ಲಿ ಒಬ್ಬರೂ ಫೇಲ್ ಆಗ್ತಿರ್ಲಿಲ್ಲ!”

ಹೌದು, ನಾನೇ. ಪರೀಕ್ಷೆಗೆ ತಿಂಗಳಿದೆ ಎನ್ನುವಾಗ ಎಲ್ಲರಿಗೂ ಪೆನ್ಸಿಲ್ ಹಿಡಿಸಿ, ‘ಬ್ರಾಕೆಟ್ ಹಾಕ್ಕೊಳ್ಳಿ’ ಎಂದು ಇಡೀ ಪುಸ್ತಕವನ್ನು ತುಂಡು ಮಾಡಿಸಿದವಳು. ನೂರಕ್ಕೆ ನೂರು ಫಲಿತಾಂಶ ಎಂದು ಶಾಲು ಹೊದಿಸಿಕೊಂಡವಳು. ಆ ಮಕ್ಕಳಲ್ಲಿ ಎಷ್ಟು ಮಂದಿ ಕಲ್ಯಾಣಿಯರು ಇದ್ದರೋ, ಎಷ್ಟು ಜನರ ಉತ್ತರವನ್ನು ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆನೋ ಗೊತ್ತಿಲ್ಲ. ಬಹಳ ನಾಚಿಕೆಯಾಯಿತು. ತಮಗೆ ಬರೆಯುತ್ತಿರುವ ಈ ಪತ್ರದ ಅರ್ಧ ಬೈಗುಳವನ್ನು ನನ್ನ ವಿಳಾಸಕ್ಕೇ ಕಳಿಸಬೇಕಾದೀತು. ಒಂದು ಸಮಾಧಾನವೆಂದರೆ, ಭಾಗ್ಯಜ್ಯೋತಿಯೂ ನಾನೂ ಅಂದು ಸಂಜೆ ಒಂದು ರಬ್ಬರ್ ಹಿಡಿದು ಕೂತು ಆ ಪುಸ್ತಕದ ಗುರುತುಗಳನ್ನೆಲ್ಲ ಅಳಿಸಿದೆವು. ಮರುದಿನ ಅವಳು ಆಮೆಯ ಕಥೆಯನ್ನು ತರಗತಿಯಲ್ಲಿ ಮತ್ತೆ ಓದಿಸಿದಳಂತೆ. ಹಂಸಗಳ ಪರ, ಆಮೆಯ ಪರ ಎಂದು ಮಕ್ಕಳು ಜಗಳವಾಡಿ, ಪಕ್ಕದ ಕ್ಲಾಸಿನವರು ಬಂದು ಸದ್ದು ಕಡಿಮೆ ಮಾಡಿ ಎಂದರಂತೆ. ನನ್ನ ಮೂವತ್ತನಾಲ್ಕು ವರ್ಷಗಳಲ್ಲಿ ಆ ದೂರು ಒಮ್ಮೆಯೂ ಬಂದಿರಲಿಲ್ಲ.

ಆದರೆ ಗುಂಪು ಬದಲಿಸುವ ಅಧಿಕಾರ ಭಾಗ್ಯಜ್ಯೋತಿಗಿಲ್ಲ, ತಮಗಿದೆ. ಆದ್ದರಿಂದ ನನ್ನ ಬೇಡಿಕೆ: ಕಲ್ಯಾಣಿಯ ಉತ್ತರಪತ್ರಿಕೆಯನ್ನು ತಾವೇ ತರಿಸಿಕೊಂಡು, ಮಾದರಿ ಉತ್ತರದ ಹಾಳೆಯನ್ನು ಡ್ರಾಯರಿನಲ್ಲಿಟ್ಟು, ಒಮ್ಮೆ ಓದಿ. ಹಳದಿಗೂ ಹಸಿರಿಗೂ ಲೈಬ್ರರಿ ಬಾಗಿಲು ತೆರೆಸಿ. ಆ ಕರಡಿಯ ಪುಸ್ತಕವನ್ನು ಮುಂದಿನ ಸೋಮವಾರದೊಳಗೆ ಅವಳ ಕೈಗೆ ಮರಳಿಸುವಂತೆ ಒಂದು ಸಾಲಿನ ಆದೇಶ ಹೊರಡಿಸಿ. ಪ್ರಾಣಿ ಮರಿಯನ್ನು ಹೊತ್ತು ಹೊಳೆಯ ನಡುವೆ ಇದೆ, ತಮ್ಮ ಸಭೆಗಳು ಮುಗಿಯುವವರೆಗೆ ಎಷ್ಟು ದಿನ ಈಜೀತು?

ಈ ಪತ್ರದ ಕರಡನ್ನು ನಿನ್ನೆ ಅಂಗಡಿಗೆ ಒಯ್ದಿದ್ದೆ. ಕಲ್ಯಾಣಿ ಗುಂಡಿ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿ, ಮೊದಲಿನಿಂದ ಕೊನೆಯವರೆಗೆ ಓದಿದಳು. ಮೂರು ವಾರದ ನಂತರ ಅವಳು ಓದಿದ್ದು ಇದನ್ನೇ. ಪಿನ್ನು ಕಚ್ಚಿಕೊಂಡಿದ್ದ ಅಂಕಮ್ಮ ಹೊಲಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ನಾನು ಯಾರನ್ನೂ ಮಾತಾಡಿಸಲಿಲ್ಲ.

ಓದಿ ಮುಗಿಸಿ ಅವಳು ಕೇಳಿದಳು, “ಮಿಸ್, ಇಷ್ಟುದ್ದ ಇದೆಯಲ್ಲ, ಅವ್ರು ಪೂರ್ತಿ ಓದ್ತಾರಾ?”

“ಗೊತ್ತಿಲ್ಲ ಪುಟ್ಟಿ.”

“ಹಂಗಾದ್ರೆ ಅವ್ರಿಗೆ ಪೆನ್ಸಿಲಲ್ಲಿ ಬ್ರಾಕೆಟ್ ಹಾಕಿ ಕಳಿಸಿ.”

ನಾನು ಹಾಕಿಲ್ಲ. ತಾವೇ ಓದಿಕೊಳ್ಳಬೇಕು.

ಇಂತಿ, ಕೈಯಲ್ಲಿ ಪೆನ್ಸಿಲ್ ಬಿಟ್ಟು ರಬ್ಬರ್ ಹಿಡಿದಿರುವ,
ಅಲಮೇಲು
ನಿವೃತ್ತ ಕನ್ನಡ ಶಿಕ್ಷಕಿ, ಜಯನಗರ
(ಗುರುವಾರ ರವಿಕೆ ಸಿಗಬೇಕಿರುವ ಗಿರಾಕಿ)