ಎರಡೂ ಎಡಗಡೆಯ ರೆಕ್ಕೆ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೋ, ಇಲ್ಲಾ ಆ ಎಂಜಿನ್ ರೂಮಿನಲ್ಲಿ ಬಗ್ಗಿ ಬಗ್ಗಿ ಅದನ್ನು ಇನ್ನೂ ಸಾಕುತ್ತಲೇ ಇದ್ದೀರೋ? ಕೆಮ್ಮಿಗೆ ಮಾತ್ರೆ ತೆಗೆದುಕೊಳ್ಳಿ ಎಂದರೆ "ಹಡಗಲ್ಲಿ ಎಲ್ಲರೂ ಕೆಮ್ತಾರೆ ಬಿಡು" ಎನ್ನುತ್ತೀರಿ. ಎಲ್ಲರೂ ಬೇಕಾದಷ್ಟು ಕೆಮ್ಮಲಿ, ನೀವು ಮಾತ್ರೆ ನುಂಗಿ. ನಾನು ಚೆನ್ನಾಗಿದ್ದೇನೆ. ಫೋನಿರುವಾಗ ಕಾಗದ ಯಾಕೆ ಅಂತ ಹುಬ್ಬೇರಿಸಬೇಡಿ. ಫೋನಿನಲ್ಲಿ "ಊಟ ಆಯ್ತಾ?", "ಆಯ್ತು, ನಿಂದು?" ಎನ್ನುವಷ್ಟರಲ್ಲಿ ನನ್ನ ಮಾತೆಲ್ಲ ಗಂಟಲಲ್ಲೇ ಉಳಿಯುತ್ತದೆ. ಕಳೆದ ಸಲ ಫೋನು ಮಾಡಿದಾಗ, ಹಡಗಿನ ಕಂಪನಿಯವರು ಇನ್ನೆರಡು ವರ್ಷಕ್ಕೆ ಸಹಿ ಕೇಳುತ್ತಿದ್ದಾರೆ, ತಿಂಗಳ ಕೊನೆಯೊಳಗೆ ಹೇಳಬೇಕು, ನೀನೇನಂತೀಯ ಎಂದು ಕೇಳಿದಿರಿ. ನಾನು "ನಿಮ್ಮಿಷ್ಟ" ಎಂದುಬಿಟ್ಟೆ. ಆ ವಿಷಯ ಆಮೇಲೆ ಬರೆಯುತ್ತೇನೆ.

ಮೊದಲು ನಿಮ್ಮ ಗ್ಲೈಡರ್ ಸಮಾಚಾರ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ. ದಿನವಿಡೀ ಎಂಜಿನ್ನಿನ ಜೊತೆ ಹೆಣಗುವ ಮನುಷ್ಯನಿಗೆ ರಜೆಯಲ್ಲಿ ಎಂಜಿನ್ನೇ ಇಲ್ಲದ ವಿಮಾನ ಬೇಕು. ಬರೀ ಗಾಳಿಯ ಮೇಲೆ ತೇಲುವ ಅದನ್ನು ಗುಡ್ಡದ ಮೇಲೆ ನಿಂತು ರಿಮೋಟಿನಲ್ಲಿ ಆಡಿಸಬೇಕು. ಇರಲಿ, ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಆದರೆ ಹೊರಡುವ ದಿನ ಊಟದ ಮೇಜಿನ ಮೇಲೆ ಹಲಗೆ, ಹಲಗೆಯ ಮೇಲೆ ನಕ್ಷೆ, ಪಕ್ಕದಲ್ಲಿ ವಿಮಾನದ ಒಡಲು, ಇನ್ನೂ ಹೊದಿಕೆ ಹಾಕದ ಒಂದೇ ಒಂದು ರೆಕ್ಕೆ, ಇಷ್ಟನ್ನೂ ಹರವಿ, "ಇದನ್ನ ಮಾತ್ರ ಮುಟ್ಟಬೇಡ, ನಾನೇ ಬಂದು ಮುಗಿಸ್ತೀನಿ" ಎಂದು ಹೋದಿರಲ್ಲ, ಅವತ್ತಿನಿಂದ ನನ್ನ ಊಟ ಅಡುಗೆಕಟ್ಟೆಯ ಪಕ್ಕದಲ್ಲಿ ನಿಂತುಕೊಂಡೇ. ಮೀಟರ್ ನೋಡಲು ಬಂದವನು ಆ ರೆಕ್ಕೆ ಕಂಡು "ಏನಮ್ಮಾ ಇದು, ಮೀನಿನ ಮೂಳೇನಾ?" ಎಂದು ಕೇಳಿ ಹೋದ.

ನಾನು ಮುಟ್ಟಿದೆ. ಯಾಕೆ ಮುಟ್ಟಿದೆ ಎಂದು ಹೇಳಿಬಿಡುತ್ತೇನೆ. ಲಾಂಡ್ರಿಯಲ್ಲಿ ಹೊತ್ತು ಹೋಗುವುದು ಗೊತ್ತಾಗುವುದಿಲ್ಲ, ಹಬೆ, ಸದ್ದು, ಬೇರೆಯವರ ಅಂಗಿಗಳ ರಾಶಿ. ಸಂಜೆ ಬೀಗ ತೆಗೆದು ಒಳಗೆ ಬಂದರೆ ಬೆಳಿಗ್ಗೆ ಬಿಟ್ಟುಹೋದ ಬಾಚಣಿಗೆ ಬಿಟ್ಟಲ್ಲೇ ಇರುತ್ತದೆ. ಲೋಟ ಇಟ್ಟಲ್ಲೇ ಇರುತ್ತದೆ. ಯಾರ ಮೇಲಾದರೂ ರೇಗೋಣವೆಂದರೆ ಯಾರೂ ಏನನ್ನೂ ಆಚೀಚೆ ಮಾಡಿರುವುದಿಲ್ಲ. ಹಾಗೆ ಒಂದು ಸಂಜೆ ಕುರ್ಚಿ ಎಳೆದುಕೊಂಡು ಆ ಮೇಜಿನ ಮುಂದೆ ಕೂತೆ. ಉಳಿದ ರೆಕ್ಕೆ ನಾನೇ ಮಾಡಿ ನಿಮ್ಮನ್ನು ಬೆರಗು ಮಾಡೋಣವೆಂದುಕೊಂಡೆ. ನಕ್ಷೆಯ ಮೇಲೆ ಮರದ ಪಟ್ಟಿ ಜೋಡಿಸಿ, ಗುಂಡುಪಿನ್ನು ಚುಚ್ಚಿ, ಅಂಟು ಹಾಕುವುದನ್ನು ಇಷ್ಟು ವರ್ಷ ನೋಡಿಲ್ಲವೇ? ಬೆರಳಿಗೆ ಬ್ಲೇಡು ತಾಗಿತು, ಹೆಬ್ಬೆರಳು ಹಲಗೆಗೇ ಅಂಟಿಕೊಂಡಿತು, ಕೂತು ಕೂತು ಕತ್ತು ಹಿಡಿದುಕೊಂಡಿತು. ಆದರೂ ಕೊನೆಗೆ ರೆಕ್ಕೆ ಎಷ್ಟು ನೀಟಾಗಿ ಬಂತು ಗೊತ್ತೇ? ನಿಮ್ಮದರ ಪಕ್ಕದಲ್ಲಿಟ್ಟರೆ ಅವಳಿಜವಳಿ.

ಅವಳಿಜವಳಿಯಾದದ್ದೇ ಗ್ರಹಚಾರ. ಒಡಲಿಗೆ ಸಿಕ್ಕಿಸಲು ಹೋದರೆ ನನ್ನ ರೆಕ್ಕೆ ಕೂರಲೇ ಇಲ್ಲ. ತಿರುಗಿಸಿದರೆ ಹೊಟ್ಟೆ ಮೇಲೆ, ಬೆನ್ನು ಕೆಳಗೆ. ಇನ್ನೊಂದು ರೀತಿ ಹಿಡಿದರೆ ಮುಂದಿನ ದಪ್ಪ ಅಂಚು ಹಿಂದಕ್ಕೆ. ಎರಡು ರೆಕ್ಕೆಗಳನ್ನೂ ಚೀಲದಲ್ಲಿಟ್ಟುಕೊಂಡು ನಿಮ್ಮ ಗುಡ್ಡದ ಗೆಳೆಯ ಡ್ರಾಯಿಂಗ್ ಮೇಷ್ಟ್ರ ಮನೆಗೆ ಹೋದೆ. ಅವರು ಎರಡನ್ನೂ ಕೈಯಲ್ಲಿ ಹಿಡಿದು ನೋಡಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಗಲು ಶುರುಮಾಡಿದರು. "ಅಮ್ಮಾ, ನಕ್ಷೆಯಲ್ಲಿರೋದು ಎಡಗಡೆ ರೆಕ್ಕೆ ಒಂದೇ. ನಿಮ್ಮವರು ಮಾಡಿದ್ದೂ ಅದೇ, ನೀವು ಮಾಡಿದ್ದೂ ಅದೇ. ಎರಡೂ ಎಡ!" ಈ ತಪ್ಪು ಮಾಡದೆ ಯಾರೂ ಈ ಕಸುಬಿಗೆ ಬರುವುದಿಲ್ಲವಂತೆ. ನೀವೂ ಒಮ್ಮೆ ಮಾಡಿ, ನನಗೆ ಕಾಣದ ಹಾಗೆ ಒಲೆಗೆ ಹಾಕಿದ್ದೀರಂತಲ್ಲ! ನಕ್ಷೆಗೆ ಎಣ್ಣೆ ಸವರಿ, ಗೆರೆಗಳು ಹಿಂದಕ್ಕೆ ಕಂಡಮೇಲೆ ಮಗುಚಿ ಹಾಕಿ, ಅದರ ಮೇಲೆ ಬಲರೆಕ್ಕೆ ಕಟ್ಟಬೇಕು ಎಂದು ಹೇಳಿಕೊಟ್ಟರು. ಹಾಗೇ ಕಟ್ಟಿದೆ. ಮೂರೂ ರೆಕ್ಕೆಗಳಿಗೆ ಮೇಲುಹೊದಿಕೆಯ ಹಾಳೆ ಇಸ್ತ್ರಿ ಮಾಡಿ ಅಂಟಿಸಿದೆ. ಆ ಕೆಲಸ ಮಾತ್ರ ನೀವು ಮಾಡಿದರೆ ಸುಕ್ಕು, ನಾನು ಮಾಡಿದರೆ ಕನ್ನಡಿ. ಹೊಟ್ಟೆಪಾಡೇ ಇಸ್ತ್ರಿಯಲ್ಲವೇ!

ಹೋದ ವಾರ ಮೇಷ್ಟ್ರೂ ನಾನೂ ಗುಡ್ಡಕ್ಕೆ ಹೋದೆವು. ಎಸೆಯುವುದು ನನಗೆ ಹಳೆಯ ಕೆಲಸ, ನಿಮ್ಮ ವಿಮಾನಗಳನ್ನೆಲ್ಲ ಎಸೆದವಳು ನಾನೇ. ಎಸೆದೆ, ಗಾಳಿ ಎತ್ತಿಕೊಂಡಿತು. ಮೇಷ್ಟ್ರು ಸ್ವಲ್ಪ ಹೊತ್ತು ಆಡಿಸಿ, "ಹಿಡೀರಿ" ಎಂದು ರಿಮೋಟು ನನ್ನ ಕೈಗೇ ಕೊಟ್ಟುಬಿಟ್ಟರು! ದೂರ ಹೋಗುವಾಗ ಏನೂ ಕಷ್ಟವಿಲ್ಲ ನೋಡಿ, ರಿಮೋಟಿನ ಕಡ್ಡಿ ಎಡಕ್ಕೆಂದರೆ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ. ನಮ್ಮ ಕಡೆ ತಿರುಗಿತೋ, ಎಲ್ಲಾ ಉಲ್ಟಾ. ನೀವು ಕಳೆದ ಸಲ ರಜೆಗೆ ಬಂದಾಗ ನಾವು ಉಪ್ಪಿನ ಡಬ್ಬಿ ಎಲ್ಲಿಡಬೇಕು ಅಂತ ಜಗಳವಾಡಿದ್ದು ಯಾಕೋ ಆಗಲೇ ನೆನಪಾಯಿತು. ಅಷ್ಟರಲ್ಲಿ ಅದು ನೆಲಕ್ಕೆ ಬಂದಾಗಿತ್ತು. ಮುರಿದದ್ದು ಎಡರೆಕ್ಕೆ. ನಿಮ್ಮದು. ನಡುವಿಗೇ ಎರಡು ತುಂಡು, ಸರಿಮಾಡುವ ಹಾಗಿಲ್ಲ ಎಂದರು ಮೇಷ್ಟ್ರು. ಕ್ಷಮಿಸಿ ರೀ.

ಆದರೆ ನನ್ನ ಹತ್ತಿರ ಇನ್ನೊಂದು ಎಡರೆಕ್ಕೆ ಇತ್ತಲ್ಲ, ತಪ್ಪಿ ಹುಟ್ಟಿದ್ದು. ಇವತ್ತು ಬೆಳಿಗ್ಗೆ ಅದನ್ನು ಸಿಕ್ಕಿಸಿಕೊಂಡು ಮತ್ತೆ ಹೋದೆ. ಈ ಸಲ ಅದು ದೂರ ಹೋಗುವಾಗಲೂ, ನಮ್ಮ ಕಡೆ ಬರುವಾಗಲೂ ಆಡಿಸಿದವಳು ನಾನೇ. ಎಷ್ಟು ಹೊತ್ತು ಹಾರಿತೆಂದರೆ ಕತ್ತು ನೋವು ಬಂತು. ಹುಲ್ಲಿನ ಮೇಲೆ ಮೆತ್ತಗೆ ಇಳಿಸಿದೆ. ಮೇಷ್ಟ್ರು ಚಪ್ಪಾಳೆ ತಟ್ಟಿದರು, ಅಲ್ಲಿದ್ದವರೆಲ್ಲ ಬಂದು ಮುಟ್ಟಿ ನೋಡಿದರು. ಯಾರೋ ಒಬ್ಬರು, "ರೆಕ್ಕೆ ಯಾರು ಮಾಡಿದ್ದು?" ಎಂದು ಕೇಳಿದರು. "ಎರಡೂ ನಾನೇ" ಎಂದೆ. ಜಂಬವಾಗಿತ್ತು, ಸುಳ್ಳು ಯಾಕೆ ಹೇಳಲಿ. ಬಸ್ಸಿನಲ್ಲಿ ಬರುವಾಗ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಮನೆಯ ಬೀಗ ತೆಗೆಯುವಾಗ ಅಳು ಬಂತು. ವಿಮಾನದ ಕೆಲಸ ಮುಗಿದು ಒಂದು ವಾರ ಮೇಜು ಖಾಲಿ ಇದ್ದಾಗಲೂ ನಾನು ನಿಂತೇ ಊಟ ಮಾಡಿದ್ದೆ ಎನ್ನುವುದು ಆಗಲೇ ಹೊಳೆದದ್ದು.

ಇರಲಿ. ನಲ್ಲಿ ಸೋರುತ್ತಿತ್ತು, ವಾಷರ್ ಬದಲಾಯಿಸಿದೆ. ಕಿಟಕಿಯ ಚಿಲಕ ಸರಿಮಾಡಿದೆ. ಇಪ್ಪತ್ತನೇ ತಾರೀಖಿನ ಹೊತ್ತಿಗೆ ನೀವು ಬಂದರು ಮುಟ್ಟುತ್ತೀರಲ್ಲ, ಕಾಗದ ಅಲ್ಲಿ ಕಾಯುತ್ತಿರುತ್ತದೆ. ನಿಮ್ಮ ಜೊತೆಯಲ್ಲಿರುವ ಅಡುಗೆಯವರಿಗೆ ನನ್ನ ನಮಸ್ಕಾರ ಹೇಳಿ, ನಿಮಗೆ ಖಾರ ಕಡಿಮೆ ಹಾಕಲು ಹೇಳಿ. ದೇವರು ನಿಮ್ಮ ಸೊಂಟವನ್ನೂ ಆ ಹಡಗನ್ನೂ ನೇರವಾಗಿಟ್ಟಿರಲಿ.

ಇಸ್ತ್ರಿ ಹಿಡಿದ ಕೈಯಿಂದಲೇ,
ನಿಮ್ಮವಳು

ಮ.ವಿ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ, ಹರಿದಿರುವುದಕ್ಕೆ ಅದೇ ಕಾರಣ. "ನಿಮ್ಮಿಷ್ಟ" ಎಂದದ್ದು ಸುಳ್ಳು. ಸಹಿ ಹಾಕಬೇಡಿ. ಒಬ್ಬಳೇ ಇರುವುದು ಕಷ್ಟವಾಗುತ್ತಿದೆ ಅಂತ ಹೇಳುತ್ತಿಲ್ಲ. ಸುಲಭವಾಗುತ್ತಿದೆ, ಅದಕ್ಕೇ ಹೆದರಿಕೆ. ಇನ್ನೆರಡು ವರ್ಷ ಕಳೆದರೆ ನೀವು ಇಲ್ಲದಿರುವುದು ನನಗೆ ಗೊತ್ತೇ ಆಗದೆ ಹೋದೀತು. ಈಗ ಇನ್ನೂ ಗೊತ್ತಾಗುತ್ತಿದೆ. ಈಗಲೇ ಬನ್ನಿ.