ಸೋಮನ ಕಾಲು

ಕುಂದಾಪುರ

ಮಾನ್ಯ ಡಾಕ್ಟರರಿಗೆ ವಂದನೆಗಳು.

ಈ ಪತ್ರದ ಕೊನೆಯ ಮಾತನ್ನು ಬರೆಯದೇ ಬಿಡೋಣವೆಂದಿದ್ದೆ. ಬರೆದರೆ ನನಗೂ ತಮ್ಮನ ಕಾಯಿಲೆ ಅಂಟಿದೆ ಎಂದುಕೊಳ್ಳುವಿರೇನೋ.

ನನ್ನ ತಮ್ಮ ಪದ್ದುವಿಗೆ ಮನಸ್ಸಿನ ಕಾಯಿಲೆ ಇರುವುದು ನಿಜ. ಆದರೂ ಕಾಲು ಕತ್ತರಿಸದಿದ್ದರೆ ಜೀವ ಉಳಿಯದೆಂದು ನೀವು ಹೇಳಿದ್ದೆಲ್ಲ ಅವನಿಗೆ ಅರ್ಥವಾಗಿದೆ. "ಅಕ್ಕಾ, ಕಾಲ್ ಕೊಳ್ತ್ ಹೋಯ್ತ್, ಕಡೀದಿರೆ ನಾ ಸಾಯ್ತೆ, ಗೊತ್ತಿತ್ತ್. ಆರೆ ಈ ಕಾಲ್ ನಂದಲ್ಲ, ಸೋಮಂದ್" ಎನ್ನುತ್ತಾನೆ. ಸೋಮ ಅವನ ದೋಣಿಯ ಜೊತೆಗಾರ. ನಾಲ್ಕು ವರ್ಷದ ಹಿಂದೆ ಕಡಲಲ್ಲಿ ಮುಳುಗಿದ, ಹೆಣ ಸಿಗಲಿಲ್ಲ.

ಹೋದ ವಾರ ನಿಮ್ಮ ಆಸ್ಪತ್ರೆಯಲ್ಲೇ ಪದ್ದು ಆಪರೇಶನ್‌ಗೆ ಒಪ್ಪಿದ. ಷರತ್ತು ಒಂದೇ: "ಕಡ್ದ್ ಕಾಲ್ ಕಡ್ಲಿಗೇ ಕೊಡ್ಕ್. ಸೋಮ ಕಾಯ್ತಾ ಇದ್ದ." ನರ್ಸ್ ನಗುತ್ತಾ ನನ್ನ ಕಿವಿಯಲ್ಲಿ, "ಹೂಂ ಅಂದ್ಬಿಡಿ ಅಕ್ಕ, ಆಮೇಲೆ ಅವ್ರಿಗೆ ಎಂತ ಗೊತ್ತಾತ್ತ್?" ಎಂದರು. ನಾನು ಮಾತು ಕೊಡದೆ ಅವನನ್ನು ಮನೆಗೆ ಕರೆತಂದೆ. ಸುಳ್ಳು ಹೇಳಿ ಪಡೆದದ್ದು ಒಪ್ಪಿಗೆ ಹೇಗಾದೀತು? ಅಥವಾ ಜೀವ ಉಳಿಸುವ ಹೊತ್ತಲ್ಲಿ ಇದನ್ನು ಕೇಳುವ ನನ್ನದೇ ತಪ್ಪೇ?

ಮುಂದಿನ ವಾರ ಅವನನ್ನು ಕರೆತಂದಾಗ, ಕಡಿದ ಕಾಲನ್ನು ಕಡಲಿಗೆ ಬಿಡಲು ಕೊಡುವ ಹಾಗಿದ್ದರೆ ಅವನಿಗೇ ಹೇಳಿ. ಕೊಡಲಾಗದಿದ್ದರೆ ಅದನ್ನೂ ಅವನಿಗೇ ಹೇಳಿ. ಅವನು ಬೇಡವೆಂದರೆ, ಅವನ ಬದಲು ನನ್ನ ಸಹಿ ಕೇಳಬೇಡಿ.

ಬಿಡಬೇಕೆಂದಿದ್ದ ಮಾತು ಇದು. ಪದ್ದು ಮನೆಯಲ್ಲಿ ಮಂಚ ಬಿಟ್ಟು ಏಳುವುದಿಲ್ಲ. ಆದರೂ ದಿನಾ ಬೆಳಿಗ್ಗೆ ನಾನು ಆ ಕಾಲಿನ ಪಾದ ಒರೆಸುವಾಗ ಬೆರಳ ಸಂದಿಯಲ್ಲಿ ಒದ್ದೆ ಮರಳು ಸಿಗುತ್ತದೆ. ಇನ್ನೊಂದು ಪಾದದಲ್ಲಿ ಇರುವುದಿಲ್ಲ.

ಇತಿ,
ಹರಿಣಾಕ್ಷಿ

ನಾಳೆ, ಗುರುವಾರ, ೯ ಫೆಬ್ರವರಿ ೨೦೦೬ರಂದು, ಪಾದ ಒರೆಸಿ ನೋಡಿದ ಮೇಲೆ ಇದನ್ನು ಅಂಚೆಗೆ ಹಾಕುತ್ತೇನೆ.