ಸೀಮೆಸುಣ್ಣದ ಗೆರೆಯ ಆಚೆ

ಜುಲೈ 9

ಮತ್ತೆ ತಪಾಸಣೆಗೆ ಹಿನೊಸವ ಸೇತುವೆಯ ಕೆಳಗೆ. ಸುತ್ತಿಗೆಯಿಂದ ತಟ್ಟುತ್ತ ಹೋದೆ. ಬೋಲ್ಟುಗಳೆಲ್ಲ ಬಿಗಿ. ಆಚೆ ದಡದ ತುದಿಯಲ್ಲಿ ಮಾತ್ರ, ಅಡ್ಡತೊಲೆ ಸೇರುವ ಬೆಸುಗೆಯ ಬಳಿ, ಬಣ್ಣ ಸೀಳಿ ತುಕ್ಕು ಒಸರಿತ್ತು. ಕೆರೆದೆ. ಬಿರುಕು. ಅದರ ತುದಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತಾರೀಖು ಬರೆದೆ. ಮುಂದಿನ ಸಲ ಬಿರುಕು ಗೆರೆ ದಾಟಿದ್ದರೆ ಸೇತುವೆ ಮುಚ್ಚಬೇಕು.

ಮೇಲೆ ಬಂದಾಗ ಅಕ್ಕ ಫುಮಿಯೆಯ ಪುಟ್ಟ ಲಾರಿ. ಸೋಯಾ ಹಾಲಿನ ತೋಫು ಮಾಡುವ ಅವಳ ಅಂಗಡಿ ಆಚೆ ದಡದಲ್ಲಿ, ಕೊಳ್ಳುವವರೆಲ್ಲ ಈಚೆ. ಇನ್ನೊಂದು ದಾರಿ ಬೆಟ್ಟ ಸುತ್ತಿ ಬರುತ್ತದೆ; ಅಷ್ಟರಲ್ಲಿ ತೋಫು ಹುಳಿ.

"ಏನೋ ಇಸಾಮು, ನಾಡಿ ನೋಡಿದ್ಯಾ? ಬದುಕಿದೆಯಾ ಸೇತುವೆ?"

"ನೋಡ್ತಾ ಇದೀನಿ."

"ಅದೊಂದೇ ಮಾತು ನಿಂದು. ಹೆಂಡ್ತಿ ಬಿಟ್ಟು ಹೋಗುವಾಗ್ಲೂ ಹಂಗೇ ಅಂದಿರ್ತೀಯ."

ನಕ್ಕಳು. ನಾನೂ ನಕ್ಕೆನೇನೋ.

ಆಗಸ್ಟ್ 10

ಸೆಕೆ. ಜೀರುಂಡೆಗಳ ಗದ್ದಲ. ಗೆರೆ ಇಲ್ಲ. ತಾರೀಖಿಲ್ಲ. ಬಿರುಕೂ ಇಲ್ಲ. ಆ ಜಾಗದಲ್ಲಿ ಹೊಸ ಹಸಿರು ಬಣ್ಣ, ಬಹಳ ಜತನದಿಂದ ಬಳಿದದ್ದು.

ಅಕ್ಕನನ್ನು ಕೇಳಿದೆ.

"ನಾವೇ ಕಣೋ. ಬೋನ್ ಹಬ್ಬಕ್ಕೆ ಊರೋರೆಲ್ಲ ಸೇರಿ ದಾರಿ ತೊಳೆದ್ವಲ್ಲ, ಆವತ್ತು. ಸತ್ತೋರು ಮನೆಗೆ ಬರೋ ದಾರಿ, ತುಕ್ಕು ಹಿಡಿದಿದ್ರೆ ಹೆಂಗೆ? ಯಾರೋ ಗೀಚಿದ್ರು ಬೇರೆ. ನಾನೇ ಏಣಿ ಹತ್ತಿ ಉಜ್ಜಿದೆ."

"ಗೀಚಿದ್ದು ನಾನು."

"ಹೌದಾ! ಅಷ್ಟು ಸೊಟ್ಟ ಅಕ್ಷರ... ಗೊತ್ತಾಗಬೇಕಿತ್ತು." ನಗು ಅರ್ಧಕ್ಕೇ ನಿಂತಿತು. "ಈಗ?"

"ಬಣ್ಣ ಕೆರೆದು ನೋಡ್ಬೇಕು."

"ಹಬ್ಬ ಮುಗೀಲಿ ಕಣೋ. ಹಬ್ಬದ ತೋಫು ಮಾರಿದ್ರೇನೇ ಈ ವರ್ಷ ಅಂಗಡಿ ಉಳಿಯೋದು."

ಸುತ್ತಿಗೆ ಜೀಪಿಗೆ ಹಾಕಿದೆ. ಕೆರೆಯಲಿಲ್ಲ.

ಆಗಸ್ಟ್ 12, ಬೆಳಿಗ್ಗೆ

ನಿನ್ನೆ ಬರೆಯಲಿಲ್ಲ. ದಿನವಿಡೀ ಅವಳ ಲಾರಿ ದಾಟುವುದು ಕಿವಿಯಲ್ಲೇ ಇತ್ತು.

ಇವತ್ತು ಕೆರೆದೆ. ಬಿರುಕಿನೊಳಗೆ ಇಳಿಯುವ ಕೆಂಪು ದ್ರವ ಸವರಿ, ಒರೆಸಿ, ಮೇಲೆ ಬಿಳಿ ಸ್ಪ್ರೇ ಹೊಡೆದು ಕಾದೆ. ಬಿಳಿಯಲ್ಲಿ ಕೆಂಪು ಗೆರೆ ಮೆಲ್ಲಗೆ ಒಸರಿತು. ಇಲ್ಲಿಗೆ ನಿಲ್ಲಬಹುದು ಅಂದುಕೊಂಡೆ... ನಿಲ್ಲಲಿಲ್ಲ. ಬೆಸುಗೆ ಬಿಟ್ಟು ಮುಖ್ಯ ತೊಲೆಗೇ ಇಳಿದಿದೆ. ಇದು ತಿಳಿಯಲು ನನ್ನ ಸೀಮೆಸುಣ್ಣದ ಗೆರೆ ಬೇಕೇ ಇರಲಿಲ್ಲ.

ಆಫೀಸಿಗೆ ಫೋನ್ ಮಾಡಿದೆ. ಮುಚ್ಚುವವರು ಹೊರಟಿದ್ದಾರೆ. ಆಮೇಲೆ ಅಕ್ಕನಿಗೆ.

"ದಾಟಬೇಡ."

"ಲಾರಿ ತುಂಬಿ ಆಗಿದೆ. ಇದೊಂದು ಸಲ."

"ಅಕ್ಕ..."

"ನೋಡ್ತಾ ಇರು ನೀನು." ಫೋನ್ ಇಟ್ಟುಬಿಟ್ಟಳು.

ಸ್ವಲ್ಪ ಹೊತ್ತಿನ ನಂತರ

ಆಚೆ ದಡದಲ್ಲಿ, ಸೇತುವೆಯ ಬಾಯಿಗೆ ಜೀಪ್ ಅಡ್ಡ ನಿಲ್ಲಿಸಿ ಕುಳಿತಿದ್ದೇನೆ. ಆಫೀಸಿನವರು ಇನ್ನೂ ಬಂದಿಲ್ಲ. ಅವಳು ಬಂದಳು. ಹಾರ್ನ್ ಹೊಡೆಯಲಿಲ್ಲ. ಲಾರಿ ನಿಲ್ಲಿಸಿ, ಒಂದು ತೋಫು ಪೆಟ್ಟಿಗೆ ಇಳಿಸಿ ಹೆಗಲಿಗೇರಿಸಿದಳು. ನೀರು ತೊಟ್ಟಿಕ್ಕುತ್ತಿದೆ. ಜೀಪಿನ ಪಕ್ಕದಲ್ಲೇ ಹಾದು ಸೇತುವೆಗೆ ಕಾಲಿಟ್ಟಳು — ನನ್ನತ್ತ ನೋಡದೆ. ನಡೆಯುವವರನ್ನೂ ಬಿಡುವಂತಿಲ್ಲ. ಇಳಿದು ತಡೆಯಬೇಕು. ಇಲ್ಲವೇ ಇನ್ನೊಂದು ಪೆಟ್ಟಿಗೆ ಹೊತ್ತು ಅವಳ ಹಿಂದೆ—